ಡಾಕ್ಟರು ಹಾಗೆ ಹೇಳಿರಲಿಲ್ಲ

ನನ್ನ ಅತ್ತೆಯ ಕಣ್ಣು ಹೋದದ್ದು ವಯಸ್ಸಿನಿಂದಲ್ಲ, ಅವರ ಹಟದಿಂದಲೂ ಅಲ್ಲ. ಕಣ್ಣಿಗೆ ಹಾಕುತ್ತಿದ್ದ ಹನಿ ಔಷಧಿಯನ್ನು ನಿಲ್ಲಿಸಿದವಳು ನಾನು – ಸುಳ್ಳು ಹೇಳಿ ನಿಲ್ಲಿಸಿದೆ.

ನಾವಿರುವುದು ಹಿರಿಯೂರಿನಲ್ಲಿ, ಬಾಡಿಗೆ ಮನೆ. ನನ್ನ ಗಂಡ ಬಬ್ಬೂರಿನ ಕಡೆ ಟ್ರ್ಯಾಕ್ಟರ್ ಓಡಿಸುತ್ತಾರೆ. ಸಂಬಳ ಬಂದ ದಿನವೇ ನನ್ನ ಕೈಗೆ ಕೊಟ್ಟುಬಿಡುತ್ತಾರೆ. ಆಮೇಲೆ ಲೆಕ್ಕ ಕೇಳುವುದಿಲ್ಲ. ಬಾಡಿಗೆ, ರೇಷನ್, ಮಗಳ ಶಾಲೆ, ಚೀಟಿ – ಒಂದೊಂದಕ್ಕೂ ಒಂದೊಂದು ಕವರು ಮಾಡಿ ಬೀರುವಿನಲ್ಲಿಡುತ್ತಿದ್ದೆ. ಒಂದರ ದುಡ್ಡನ್ನು ಇನ್ನೊಂದಕ್ಕೆ ಮುಟ್ಟುತ್ತಿರಲಿಲ್ಲ. ಮೂರು ವರ್ಷ ಹಾಗೇ ನಡೆಸಿದೆ. ನಮ್ಮ ಮಹಿಳಾ ಸಂಘದ ಸಭೆಯಲ್ಲಿ ಹೆಂಗಸರು ನನ್ನನ್ನು ಎಬ್ಬಿಸಿ ನಿಲ್ಲಿಸಿ, ಇದು ಹೇಗೆಂದು ಹೇಳಿಸುತ್ತಿದ್ದರು. ಆ ಹೆಮ್ಮೆ ನನಗೆ ಎಷ್ಟಿತ್ತೆಂದರೆ...

ಬಾಗೂರಿನಿಂದ ಅತ್ತೆ ನಮ್ಮಲ್ಲಿಗೆ ಬಂದ ವರ್ಷವೇ ಅವರ ಕಣ್ಣಿನೊಳಗೆ ಒತ್ತಡ ಹೆಚ್ಚಿದೆಯೆಂದು ಗೊತ್ತಾಯಿತು. ಚಿತ್ರದುರ್ಗದ ಡಾಕ್ಟರು ಅವರನ್ನು ಹೊರಗೆ ಕೂರಿಸಿ ನನ್ನೊಬ್ಬಳಿಗೇ ಹೇಳಿದರು: "ನೋವಿರಲ್ಲಮ್ಮ, ಕಣ್ಣು ಹೋಗ್ತಿರೋದು ಗೊತ್ತೇ ಆಗಲ್ಲ. ಹನಿ ಮಾತ್ರ ಒಂದಿನಾನೂ ತಪ್ಪಿಸಬ್ಯಾಡ್ರಿ. ಹೋದ ದೃಷ್ಟಿ ತಿರುಗಿ ಬರಲ್ಲ."

ಎಂಟು ತಿಂಗಳು ನಾನೇ ಹಾಕಿದೆ. ಆ ಜೂನ್‌ನಲ್ಲಿ ಮಗಳ ಶಾಲೆಯ ಫೀಸು ಏರಿತು. ತಿಂಗಳು ಮುಗಿಯುವ ಮೊದಲೇ ಕವರುಗಳು ಖಾಲಿಯಾದವು – ಮೊದಲ ಸಲ. ಹನಿ ಕೊಳ್ಳಲು ದುಡ್ಡು ಉಳಿಯಲಿಲ್ಲ. ಗಂಡನಿಗೆ ಒಂದು ಮಾತು ಹೇಳಿದ್ದರೆ ಎಲ್ಲಿಂದಲಾದರೂ ಹೊಂದಿಸುತ್ತಿದ್ದರು. ಚೀಟಿ ನಿಲ್ಲಿಸಬಹುದಿತ್ತು. ಆದರೆ ಸಾಲಲಿಲ್ಲ ಎಂದು ಬಾಯಿಬಿಟ್ಟು ಹೇಳುವುದು ನನ್ನಿಂದ ಆಗಲಿಲ್ಲ.

"ಅತ್ತೆ, ಡಾಕ್ಟ್ರಿಗೆ ಫೋನ್ ಮಾಡಿದ್ದೆ. ಇನ್ನು ಹನಿ ಬ್ಯಾಡ ಅಂದ್ರು," ಎಂದೆ.

"ಒಳ್ಳೇದಾತು ಬಿಡವ್ವ. ನಿಂಗೂ ಒಂದು ಖರ್ಚು ತಪ್ಪಿತು," ಎಂದರು.

ಮತ್ತೆ ಹಾಕಲು ಶುರು ಮಾಡಿದರೆ ಸುಳ್ಳು ಬಯಲಾಗುತ್ತಿತ್ತು. ಒಂದೂವರೆ ವರ್ಷ ಕಳೆಯಿತು. ಅವರು ಬಾಗಿಲ ಚೌಕಟ್ಟಿಗೆ ಹಣೆ ತಾಕಿಸಿಕೊಳ್ಳತೊಡಗಿದರು. ತಟ್ಟೆಯ ಅಂಚಿನಲ್ಲಿದ್ದ ಪಲ್ಯ ಕಾಣದೆ ಬರೀ ಮುದ್ದೆ ಉಂಡು ಎದ್ದರು. ನಾನು ನೋಡಿದೆ. ನೋಡಿಯೂ –

ಕೊನೆಗೆ ಗಂಡ ಚಿತ್ರದುರ್ಗಕ್ಕೆ ಕರೆದುಕೊಂಡು ಹೊರಟರು, ನಾನೂ ಹೋದೆ. "ಹನಿ ಹಾಕೋದು ಯಾಕೆ ನಿಲ್ಸಿದ್ರಿ?" ಎಂದು ಡಾಕ್ಟರು ಕೇಳಿದರು. ಗಂಡ ನನ್ನ ಮುಖ ನೋಡಿದರು.

"ಅತ್ತೇನೇ ಬ್ಯಾಡಂದ್ರು, ಉರೀತೈತೆ ಅಂತ," ಎಂದೆ.

ಅತ್ತೆ ನನ್ನ ದನಿ ಬಂದ ಕಡೆ ತಿರುಗಿದರು. "ನಾನಂಗಂದಿದ್ನೇನವ್ವ?" ಆಮೇಲೆ ತಾವೇ, "ಅಂದಿರ್ಬೇಕು. ನಂಗೆ ನೆಪ್ಪೇ ಇರಲ್ಲ," ಎಂದರು.

ಅದಾಗಿ ನಾಲ್ಕು ವರ್ಷ. ಅವರಿಗೀಗ ಏನೂ ಕಾಣುವುದಿಲ್ಲ. ಅದಕ್ಕಿಂತ – ತಮ್ಮ ನೆನಪಿನ ಮೇಲೇ ಅವರಿಗೆ ನಂಬಿಕೆ ಉಳಿದಿಲ್ಲ. ಮಾತ್ರೆ ನುಂಗಿದೆನೋ ಇಲ್ಲವೋ ಎಂದು ನನ್ನನ್ನೇ ಕೇಳುತ್ತಾರೆ. ನಾನು ಹೇಳಿದ್ದೇ ನಿಜ ಅವರಿಗೆ. ಮನೆಗೆ ಬಂದವರೊಡನೆ, "ನನ್ ಹಟದಾಗೆ ಕಣ್ಣು ಕಳ್ಕಂಡೆ. ಪಾಪ, ನನ್ ಸೊಸೆ ಎಷ್ಟ್ ಹೇಳಿದ್ಲೋ ಏನೋ," ಅನ್ನುತ್ತಾರೆ. ಗಂಡ ಸಿಟ್ಟು ಬಂದಾಗ ಅದನ್ನೇ ಎತ್ತಿ ಆಡುತ್ತಾರೆ. ಅತ್ತೆ ತಲೆ ತಗ್ಗಿಸುತ್ತಾರೆ. ನಾನು ಒಳಗೆ ಪಾತ್ರೆ ತೊಳೆಯುತ್ತಿರುತ್ತೇನೆ.

ಈ ಭಾನುವಾರ ನಾದಿನಿ ಬರುತ್ತಾಳೆ. ಮೂವರ ಮುಂದೆಯೂ ಹೇಳಬೇಕೆಂದಿದ್ದೇನೆ. ಹಿಂದೆಯೂ ಎರಡು ಸಲ ಹೀಗೇ ಅಂದುಕೊಂಡು ಹೇಳದೆ ಉಳಿದೆ – ಅದನ್ನೂ ಮುಚ್ಚಿಡುವುದಿಲ್ಲ. ಹೇಳಿದರೆ ಅವರ ಕಣ್ಣಿಗೆ ಬೆಳಕು ಬರುವುದಿಲ್ಲ. ಈ ಮನೆಯಲ್ಲಿ ನನಗೆ ಜಾಗ ಉಳಿಯುತ್ತದೆಂಬ ಆಸೆಯೂ ಇಲ್ಲ. ಹನಿ ಬೇಡವೆಂದು ಅತ್ತೆ ಅಂದಿರಲಿಲ್ಲ. ಅಷ್ಟಾದರೂ ಅವರಿಗೆ ಗೊತ್ತಾಗಬೇಕು.