ಸೋಸಿ ಸುರಿದ ಎಣ್ಣೆ

ಚಿಕ್ಕಮ್ಮ ಟ್ರ್ಯಾಕ್ಟರಿನ ಎಣ್ಣೆ ನೋಡುವ ಕಡ್ಡಿ ಎಳೆದರೆ ಮೊದಲು ಮೂಗಿಗೆ ಹಿಡಿಯುತ್ತಿದ್ದರು. ಹಣೆಯಲ್ಲಿ ವಿಭೂತಿ, ಮೂಗಿನ ತುದಿಯಲ್ಲಿ ಕಪ್ಪು ಚುಕ್ಕೆ; ಹಗರೆ ಊರಿನ ಹಾಲಿನ ಡೇರಿಗೂ ಹಾಗೇ ಹೋಗಿಬಿಡುತ್ತಿದ್ದರು. ಚಿಕ್ಕಪ್ಪ ತೀರಿದ ಮೇಲೆ ಸೀಟಿಗೆ ತಾವೇ ಏರಿದ ಹೆಂಗಸು. ಮೂವತ್ತು ದಾಟಿ ಊರಿಗೆ ಮರಳಿದ ನನಗೆ ಉಳುಮೆ ಕಲಿಸಿದವರೂ ಅವರೇ. ಒಮ್ಮೆ ಬಳಸಿ ಸುಟ್ಟ ಎಣ್ಣೆ ಕಂಡರೆ ಅವರಿಗೆ ಆಗುತ್ತಿರಲಿಲ್ಲ. “ಉಗುಳಿದ್ನ ಮತ್ತೆ ಬಾಯಿಗೆ ಹಾಕ್ಕತೀಯೇನೋ? ಗಾಡಿಗೂ ಹಾಕ್ಬ್ಯಾಡ” ಎನ್ನುತ್ತಿದ್ದರು.

ಆ ಸಲ, ಹಿಂದಿನ ಲಿಫ್ಟನ್ನು ಎತ್ತಿ ಹಿಡಿಯುವ ಹೈಡ್ರಾಲಿಕ್ ಎಣ್ಣೆ ಬದಲಿಸುವ ಕೆಲಸ ನನಗೆ ಬಿಟ್ಟರು. ಇಳಿಸಿದ ಎಣ್ಣೆ ಬಕೆಟ್ಟಿನಲ್ಲಿ ಚರಂಡಿಯ ಕೆಸರಿನಂತೆ ನಿಂತಿತ್ತು. ಮೇಲೆ ಬೂದು ನೊರೆ, ತಳದಲ್ಲಿ ಕಬ್ಬಿಣದ ಪುಡಿ, ನಡುವೆ ಒಂದು ಸತ್ತ ಜಿರಲೆ. ಹೊಸ ಡಬ್ಬ ತರಲು ಅರಸೀಕೆರೆಗೆ ಹೋಗಬೇಕಿತ್ತು. ನನಗೆ ಮೈಗಳ್ಳತನ. ಹಳೇ ಪಂಚೆಯಲ್ಲಿ ಅದನ್ನೇ ಸೋಸಿ ಹಿಂಡಿದೆ. ಲೋಳೆ ಬೆರಳ ಸಂದಿಗಳಲ್ಲಿ ಇಳಿಯಿತು. ಆದರೂ ಅದನ್ನೇ ಗಾಡಿಗೆ ವಾಪಸ್ ಸುರಿದೆ.

“ಹೊಸದೇ ಹಾಕ್ದೇನೋ?” ಚಿಕ್ಕಮ್ಮ ಕೇಳಿದರು.

“ಹೂಂ ಚಿಕ್ಕಮ್ಮ, ಹೊಸದೇ.”

ಅವತ್ತು ಅವರು ಕಡ್ಡಿ ಎಳೆಯಲಿಲ್ಲ. ನನ್ನ ಮಾತು ಸಾಕಾಯಿತು.

ಎಂಟು ದಿನದ ಮೇಲೆ ರಾಗಿ ಹೊಲದಲ್ಲಿ, ಗಾಡಿಯ ಹಿಂದೆ ಮಣ್ಣು ಪುಡಿಮಾಡುವ ರೋಟವೇಟರಿಗೆ ಹುಲ್ಲು ಸುತ್ತಿಕೊಂಡಿತು. ನಾನು ಅದನ್ನು ಮೇಲೆತ್ತಿ ಎಂಜಿನ್ ನಿಲ್ಲಿಸಿದೆ. ಚಿಕ್ಕಮ್ಮ ಬಗ್ಗಿ ಹುಲ್ಲು ಕೀಳತೊಡಗಿದರು. ಎತ್ತಿ ಹಿಡಿದಿದ್ದ ಲಿಫ್ಟ್ ಇದ್ದಕ್ಕಿದ್ದಂತೆ ಕೈಬಿಟ್ಟು, ಅಷ್ಟೂ ಭಾರ ಅವರ ಎಡಪಾದದ ಮೇಲೆ ಬಿತ್ತು. ಬೇಲೂರಿನ ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು.

ಲಿಫ್ಟ್ ಬಿಚ್ಚಿದ ಮೆಕ್ಯಾನಿಕ್ ವಾಲ್ವಿಗೆ ಕಚ್ಚಿದ್ದ ಕರಿ ಹೊಲಸನ್ನು ಬೆರಳಲ್ಲಿ ತೆಗೆದು, ನನ್ನ ಮುಖ ನೋಡಿ ಕೈ ಒರೆಸಿಕೊಂಡ.

ನೋಡಲು ಬಂದ ನೆಂಟರಿಗೆಲ್ಲ ಚಿಕ್ಕಮ್ಮ ಹೇಳಿದ್ದು ಒಂದೇ: “ನಂದೇ ತಪ್ಪು. ಕೆಳಗೆ ದಿಮ್ಮಿ ಕೊಡದೆ ಬಗ್ಗಿಬಿಟ್ಟೆ.” ಪಕ್ಕದಲ್ಲಿ ನಿಂತಿದ್ದ ನಾನು ಹೌದೆಂದು ತಲೆಯಾಡಿಸಿದೆ. ಆ ಬಕೆಟ್ಟಿನಲ್ಲಿದ್ದುದಕ್ಕಿಂತ ಹೇಸಿಗೆಯದು ಇದೇ.

ನೆಂಟರು ಹೋದ ಮೇಲೆ ಅವರು ಕೇಳಿದರು, “ನಂಗೇನಾರ ಹೇಳದೈತೇನೋ?”

“ಇಲ್ಲ ಚಿಕ್ಕಮ್ಮ.”

ಅವರು ಗೋಡೆಯ ಕಡೆ ಹೊರಳಿದರು. ಆಮೇಲೂ ಆರು ವರ್ಷ, ಎರಡೇ ಬೆರಳು ಉಳಿದ ಆ ಪಾದದಲ್ಲೇ ಕ್ಲಚ್ ತುಳಿದು ಗಾಡಿ ಓಡಿಸಿದರು. ನನ್ನನ್ನು ಕೆಲಸದಿಂದ ಬಿಡಿಸಲೂ ಇಲ್ಲ, ಮತ್ತೆ ಕೇಳಲೂ ಇಲ್ಲ.

ಹೋದ ಬೇಸಿಗೆಯಲ್ಲಿ ತೀರಿಕೊಂಡರು. ಮಣ್ಣು ಮಾಡಿ ಬಂದ ಸಂಜೆ ಅವರ ಮಗಳ ಮುಂದೆ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಬೆಚ್ಚಲಿಲ್ಲ.

“ಗೊತ್ತು ಕಣಣ್ಣ. ಮೆಕ್ಯಾನಿಕ್ಕು ಆವತ್ತೇ ಅವ್ವಂಗೆ ಹೇಳಿದ್ದ. ನೀನೇ ಬಂದು ಹೇಳ್ತೀಯ ಅಂತ ಅವ್ವ ಕಾಯ್ತಾನೇ ಇತ್ತು.”

ಎದ್ದು ಹೋಗಿ ನನಗೊಂದು ಲೋಟ ನೀರು ತಂದುಕೊಟ್ಟಳು.