ಸೊಟ್ಟ ಕೊಂಬಿನ ಜೋಡೆತ್ತು

ಗಡಿಯಾಚೆಯ ನೂಲ ಗ್ರಾಮದ ಕಾಡಸಿದ್ದನಿಗೆ ಊರವರು ಇಟ್ಟ ಹೆಸರು ಮಣ್ಣಾಟದ ಡೈರೆಕ್ಟರ್. ಮಣ್ಣಿನ ಎತ್ತಿನ ಕಾಲನ್ನು ಕೂದಲೆಳೆಯಷ್ಟು ಸರಿಸುವುದು, ಫೋಟೊ ಹೊಡೆಯುವುದು, ಮತ್ತೆ ಸರಿಸುವುದು. ದಿನವಿಡೀ ಹೀಗೆ ಹೆಣಗಿದರೆ ಪರದೆಯ ಮೇಲೆ ಎತ್ತು ಹತ್ತು ಹೆಜ್ಜೆ ನಡೆದೀತು. "ಅಷ್ಟೊತ್ತಿಗೆ ನಮ್ಮ ಎಮ್ಮಿ ಗಡಹಿಂಗ್ಲಜಕ್ಕ ಹೋಗಿ ಬರತೈತಿ," ಎನ್ನುತ್ತಿದ್ದಳು ಅವನ ಅಜ್ಜಿ ಅಕ್ಕವ್ವ.

ಎರಡು ವರ್ಷದಿಂದ ಒಂದೇ ಸಿನಿಮಾ. ಜೋಡಿ ಕಳಕೊಂಡ ಮಣ್ಣೆತ್ತು ಗಡಹಿಂಗ್ಲಜದ ಸಂತೆಯಲ್ಲಿ ನಿಜವಾದ ಜನರ ಕಾಲಸಂದಿ ನುಸುಳುತ್ತ, ಇಚಲಕರಂಜಿಯ ಮಗ್ಗಗಳ ನಡುವೆ ಇಣುಕುತ್ತ ಆ ಜೋಡಿಯನ್ನು ಹುಡುಕುತ್ತದೆ. ಕೊನೆಗೆ ಅದು ಸಿಗಬೇಕು. ಸಿಗಬೇಕಾದ ಎತ್ತೇ ಕಾಡಸಿದ್ದನ ಕೈಯಲ್ಲಿ ಹುಟ್ಟವಲ್ಲದು! ಹನ್ನೊಂದು ಮಾಡಿ ಹನ್ನೊಂದನ್ನೂ ಮುದ್ದೆ ಮಾಡಿದ್ದ. ಕೊಲ್ಹಾಪುರದ ಚಿತ್ರೋತ್ಸವಕ್ಕೆ ಕಳಿಸಲು ಐದೇ ದಿನ ಉಳಿದಿತ್ತು. ತಪ್ಪಿದರೆ ಇಚಲಕರಂಜಿಯ ಕಾಕಾನ ಸೀರೆ ಅಂಗಡಿಯಲ್ಲಿ ಸೀರೆ ಮಡಚುತ್ತ ಕೂರುವುದೆಂದು ಮನೆಯಲ್ಲಿ ಮಾತಾಗಿತ್ತು.

ಆ ದಿನ ಬಲ್ಬು ತರಲು ಹೋದವ ಮರಳಿ ಬಂದು ನೋಡುತ್ತಾನೆ, ಅರ್ಧ ಶಾಟಿನಲ್ಲಿ ನಿಲ್ಲಿಸಿಹೋದ ಎತ್ತಿನ ಮೈತುಂಬ ಅರಿಷಿಣ, ಕುಂಕುಮ! ಮೂತಿಗೆ ಕಡುಬು ಮೆತ್ತಿದೆ. ಪಕ್ಕದಲ್ಲಿ ಇನ್ನೊಂದು ಎತ್ತು.

"ಆಯೀ! ಏನ ಮಾಡಿಟ್ಟಿ?" ಎಂದು ಅಜ್ಜಿಯನ್ನು ಕೂಗಿದ.

"ಇವತ್ತ ಮಣ್ಣೆತ್ತಿನ ಅಮಾಸಿ ಅಲ್ಲೇನೊ ಶ್ಯಾಣ್ಯಾ? ಒಂಟೆತ್ತ ಪೂಜಾ ಮಾಡಿದ್ರ ಮನಿಗೆ ಛಲೋ ಅಲ್ಲ. ನಾನ ಒಂದ ಜೋಡ ಮಾಡಿಟ್ಟೆ."

ಶಾಟ್ ಹಳ್ಳ ಹಿಡಿದಿತ್ತು. ಕಾಡಸಿದ್ದ ಅಮಾವಾಸ್ಯೆಯನ್ನು, ಕಡುಬನ್ನು, ಸಕಲ ದೇವರನ್ನು ಬಾಯಿಗೆ ಬಂದಂತೆ ಬೈದ. ಅಜ್ಜಿಯನ್ನಷ್ಟೇ ಬಿಟ್ಟ, ಅವಳ ಕೈಯಲ್ಲಿ ಲಟ್ಟಣಿಗೆ ಇತ್ತು. ಬೈದು ಸುಸ್ತಾದ ಮೇಲೆ ಆ ಇನ್ನೊಂದು ಎತ್ತನ್ನು ನೋಡಿದ. ಒಂದು ಕೊಂಬು ಕಿವಿಯ ಮೇಲೆ ಜೋತಿತ್ತು. ಗೋಣು ಜೋಡಿಯ ಕಡೆ ವಾಲಿತ್ತು.

"ಈ ಕೊಂಬ್ಯಾಕ ಸೊಟ್ಟ?"

"ನಮ್ಮ ಖರೇ ಎತ್ತ ಹಂಗ ಇತ್ತಲ್ಲೊ. ನಿಮ್ಮ ಮುತ್ಯಾ ತಂದಾಗ ಊರೆಲ್ಲಾ ನಕ್ಕಿತ್ತು. ಹದಿನಾಕ ವರ್ಷ ದುಡೀತು. ಅದು ಸತ್ತ ದಿನ ಅಂವ ಉಣಲಿಲ್ಲ." ಗಂಡನನ್ನು ನೆನೆದು ಅಕ್ಕವ್ವ ಆ ಕೊಂಬನ್ನು ಬೆರಳಿನಿಂದ ಸವರಿದಳು.

ತನಗೆ ಹನ್ನೊಂದು ಸಲ ಒಲಿಯದ ಎತ್ತು ಅಜ್ಜಿಗೆ ಒಂದೇ ಸಲಕ್ಕೆ ಒಲಿದದ್ದಕ್ಕೆ ಕಾಡಸಿದ್ದನಿಗೆ ಮೊದಲು ಹೊಟ್ಟೆಕಿಚ್ಚಾಯಿತು, ಆಮೇಲೆ ನಾಚಿಕೆ. ಕುಂಕುಮ ಒರೆಸಲಿಲ್ಲ. ಹಳೆಯ ಶಾಟ್ ಬಿಸಾಕಿ, ಅಜ್ಜಿಯ ನಿಜವಾದ ಕೈ ಅರಿಷಿಣ ಹಚ್ಚುತ್ತಿರುವಾಗಲೇ ಎರಡೂ ಎತ್ತು ಮೆಲ್ಲಗೆ ಮುಖ ತಿರುಗಿಸುವಂತೆ ನಾಲ್ಕು ದಿನ ಕೂತು ತೆಗೆದ. "ಕೈ ಅಲುಗಾಡಸಬ್ಯಾಡ ಆಯಿ," ಎಂದರೆ, "ನನ್ನ ಕೈಯೇನ ಮಣ್ಣಿಂದೇನೊ?" ಎಂದು ಗದರುತ್ತಿದ್ದಳು.

ಕೊಲ್ಹಾಪುರದ ಚಿತ್ರೋತ್ಸವದಲ್ಲಿ ಸಿನಿಮಾ ತೋರಿಸಿ ಮುಗಿದಾಗ ಚಪ್ಪಾಳೆಯೋ ಚಪ್ಪಾಳೆ. ನಿರೂಪಕಿ ಶುಭಾಂಗಿ ಮೈಕು ಕೊಟ್ಟು, ಆ ಸೊಟ್ಟ ಕೊಂಬು ಹೇಗೆ ಹೊಳೆಯಿತೆಂದು ಮರಾಠಿಯಲ್ಲಿ ಕೇಳಿದಳು. ಕಾಡಸಿದ್ದನ ಎದೆ ಉಬ್ಬಿತು. ತನ್ನ ಎರಡು ವರ್ಷದ ತಪಸ್ಸಿನ ಫಲ ಅದು ಎಂದು ಶುರುಹಚ್ಚಿದ.

"ಏ ಸುಳ್ಳಬುರಕಾ!" ಮೂರನೇ ಸಾಲಿನಲ್ಲಿ ಅಕ್ಕವ್ವ ಎದ್ದು ನಿಂತಿದ್ದಳು. "ಹನ್ನೊಂದ ಕೆಡಿಸಿದಾಂವ ನೀ!"

ಸಭೆ ಗೊಳ್ಳೆಂದಿತು. ಕಾಡಸಿದ್ದ ಕಿವಿ ಕೆಂಪಾಗಿಸಿಕೊಂಡು ಕೆಳಗಿಳಿದು ಹೋಗಿ ಮೈಕನ್ನು ಅವಳ ಕೈಗೆ ಕೊಟ್ಟ. ಸಿನಿಮಾದ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ.

"ಆ ಎತ್ತಿನ ಹೆಸರ ಸರ್ಜಾ ರೀ," ಎಂದಳು. "ನಮ್ಮ ಮನಿಯವರು ಇಟ್ಟಿದ್ರು."