ಕ್ಷಮಿಸುವ ನಾಯಕಿಯರೂ ಸಂತೆಬಾಚಹಳ್ಳಿಯ ಅಕ್ಕನೂ

ಮೊಮ್ಮಗಳನ್ನು ಎತ್ತಿ ಆಡಿಸುವ ವಯಸ್ಸಿನಲ್ಲಿ ನಾನು ಪ್ರೇಮಕಾದಂಬರಿ ಓದುತ್ತೇನೆ. ಅದೂ ಇಂಗ್ಲಿಷಿನವು, ಕ್ರೈಸ್ತರ ಕಥೆಗಳು. ಪಾಂಡವಪುರದ ಶಾಲೆಯಲ್ಲಿ ನನ್ನ ಜೊತೆ ಪಾಠ ಮಾಡುತ್ತಿದ್ದ ಫಿಲೋಮಿನಾ ಮೇಡಂ ಹಿಡಿಸಿದ ಹುಚ್ಚು ಇದು. ಬಹಳ ಮರ್ಯಾದಸ್ಥ ಪುಸ್ತಕಗಳು. ನಾಯಕ ನಾಯಕಿಯ ಕೈ ಹಿಡಿಯುವಷ್ಟರಲ್ಲಿ ಮುಕ್ಕಾಲು ಕಥೆ ಮುಗಿದಿರುತ್ತದೆ. ಮುತ್ತು ಕೊಡಬೇಕೆಂದರೆ ಪಾದ್ರಿ ಬಂದು ಮದುವೆ ಮಾಡಿಸಲೇಬೇಕು. ಅತ್ತೆಯ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಾ ಓದಿದರೂ ಮುಖ ಕೆಂಪಾಗುವುದಿಲ್ಲ.

ಈ ಕಥೆಗಳಲ್ಲಿ ಪ್ರೀತಿ ಸಲೀಸು. ಕಷ್ಟವಿರುವುದು ಕ್ಷಮಿಸುವುದರಲ್ಲಿ. ಯಾರೋ ನಾಯಕಿಗೆ ದ್ರೋಹ ಮಾಡಿರುತ್ತಾರೆ. ಅವಳು ದೇವರ ಹತ್ತಿರ ಜಗಳವಾಡುತ್ತಾಳೆ, ಅಳುತ್ತಾಳೆ, ಕೊನೆಗೆ ಕ್ಷಮಿಸುತ್ತಾಳೆ. ಅಲ್ಲಿಗೆ ಬಂದಾಗಲೆಲ್ಲ ನನಗೆ ಸಿಟ್ಟು. ‘ಇದೆಲ್ಲ ಪುಸ್ತಕದಲ್ಲಿ ಮಾತ್ರ’ ಎಂದು ಮೇಡಂ ಮುಂದೆ ಸಿಡುಕಿದೆ. ಅವರು ನಕ್ಕರು. ‘ಮನಸ್ಸು ಬಂದ್ಮೇಲೆ ಕ್ಷಮಿಸೋಣ ಅಂತ ಕೂತ್ರೆ ಆಗಲ್ಲ ಮೇಡಂ. ಮೊದಲು ಕ್ಷಮಿಸ್ಬೇಕು. ಮನಸ್ಸು ಹಿಂದಿನ ಬಸ್ಸಲ್ಲಿ ಬರುತ್ತೆ.’

ನನ್ನ ಸಿಟ್ಟಿಗೆ ಕಾರಣವಿತ್ತು. ಸಂತೆಬಾಚಹಳ್ಳಿಯಲ್ಲಿರುವ ನನ್ನ ಅಕ್ಕ ಜಯಮ್ಮ, ನನ್ನ ಮಗಳಿಗೆ ಗೊತ್ತಾಗಿದ್ದ ಸಂಬಂಧವನ್ನು ಕೆಡಿಸಿದ್ದಳು. ಮಗಳು ಕೂಸಾಗಿದ್ದಾಗ ಅವಳಿಗೆ ಜ್ವರ ಏರಿ ಒಮ್ಮೆ ಫಿಟ್ಸ್ ಬಂದಿತ್ತು. ಅಕ್ಕ ಅದನ್ನು ಗಂಡಿನ ಕಡೆಯವರ ಕಿವಿಗೆ ಹಾಕಿದಳು. ಅವರು ಹಿಂದೆ ಸರಿದರು. ಆಮೇಲೆ ಮಗಳು ತಾನೇ ಮೆಚ್ಚಿದ ನಾಗಮಂಗಲದ ಹುಡುಗನನ್ನು ಮದುವೆಯಾಗಿ ಸುಖವಾಗಿದ್ದಾಳೆ. ನಾನು ಮಾತ್ರ ಅಕ್ಕನ ಜೊತೆ ಮಾತು ಬಿಟ್ಟೆ. ಮಗಳು ಎಷ್ಟು ಸುಖವಾಗಿದ್ದರೂ ನನ್ನ ಸಿಟ್ಟು ಕರಗಲಿಲ್ಲ.

ಒಂದು ಸಂಜೆ ದೀಪ ಹಚ್ಚುವಾಗ, ಆ ನಾಯಕಿಯರ ಹಾಗೆಯೇ, ಮನೆದೇವರಿಗೆ ಹೇಳಿಬಿಟ್ಟೆ: ‘ಅಕ್ಕನನ್ನು ಕ್ಷಮಿಸೋಕೆ ನನ್ನ ಕೈಲಿ ಆಗುತ್ತಿಲ್ಲ. ಏನಾದರೂ ಮಾಡು.’ ದೇವರು ಎಂದಿನಂತೆ ಸುಮ್ಮನಿದ್ದ.

ಮಗಳು ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಳು. ಒಂದು ಮಧ್ಯಾಹ್ನ ಗೇಟಿನ ಸದ್ದಾಯಿತು. ನೋಡಿದರೆ ಅಕ್ಕ, ಕಂಕುಳಲ್ಲಿ ಒಂದು ಬ್ಯಾಗು. ಒಳಗೆ ಬರದೆ ನಿಂತಿದ್ದಳು.

‘ಮಗೀನ ನೋಡ್ಬೇಕು ಅನ್ನುಸ್ತು. ಒಳೀಕ್ ಬರ್ಲಾ, ಇಂಗೇ ಒಂಟೋಗ್ಲಾ?’

ಇಷ್ಟು ವರ್ಷ ಮನಸ್ಸಿನಲ್ಲೇ ಒಪ್ಪ ಮಾಡಿಟ್ಟಿದ್ದ ಬೈಗುಳದ ಭಾಷಣ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಬಾಯಿಂದ ಬಂದದ್ದು, ‘ಊಟ ಆಯ್ತೇನಕ್ಕ?’

‘ಇಲ್ಲ ಕಣೆ.’

ಮುದ್ದೆ ಬಡಿಸಿದೆ. ಅವಳು ಮುರಿಯಲಿಲ್ಲ. ಬಾಗಿಲಲ್ಲಿ ಮಗುವನ್ನೆತ್ತಿಕೊಂಡು ನಿಂತಿದ್ದ ನನ್ನ ಮಗಳ ಕಡೆ ತಿರುಗಿದಳು. ‘ಅವತ್ತು ನಾನ್ ಬಾಯ್ಬುಡ್ಬಾರ್ದಾಗಿತ್ತು. ನನ್ ಮಗಳ್ಗಿಂತ ಮೊದ್ಲು ನಿಂಗೆ ಗಂಡು ಗೊತ್ತಾಗ್ಬುಡ್ತಲ್ಲ ಅಂತ ಒಟ್ಟೆಕಿಚ್ಚು. ತಪ್ಪಾಗೋಯ್ತು ಕಣವ್ವ.’

ಮಗಳು ಮಗುವನ್ನು ತಂದು ಅವಳ ಮಡಿಲಿಗೆ ಹಾಕಿದಳು. ಅಕ್ಕನ ಕಣ್ಣೀರು ಮಗುವಿನ ಟೋಪಿಯ ಮೇಲೆ ಬಿತ್ತು.

ನಾನೇನು ಹೇಳಲಿ? ‘ಕ್ಷಮಿಸಿದ್ದೇನೆ’ ಎಂದರೆ ಪೌರಾಣಿಕ ನಾಟಕದ ಮಾತಾಗುತ್ತದೆ. ಆ ಪದ ನಮ್ಮಲ್ಲಿ ಪುಸ್ತಕಕ್ಕೆ, ರಜಾ ಅರ್ಜಿಗೆ ಸರಿ; ಅಡುಗೆಮನೆಗಲ್ಲ. ‘ಓಗ್ಲಿ ಬುಡಕ್ಕ’ ಎಂದೆ. ನಮ್ಮ ಕಡೆ ಕ್ಷಮೆಗೆ ಇರುವ ಮಾತು ಅದೊಂದೇ. ಅಂದಾಗ ಗೊತ್ತಾಯಿತು, ಬಿಟ್ಟದ್ದು ಅವಳ ತಪ್ಪನ್ನಷ್ಟೇ ಅಲ್ಲ. ನಾನೇ ಎಷ್ಟೋ ಕಾಲದಿಂದ ಬಿಗಿಹಿಡಿದಿದ್ದ ಉಸಿರನ್ನೂ.

ಅಕ್ಕನನ್ನು ಕಳಿಸಿದ್ದು ಏಸುವೇ ಎಂದು ಫಿಲೋಮಿನಾ ಮೇಡಂ ವಾದ. ನಮ್ಮ ಮನೆದೇವರು ಎಂದು ನಾನು. ಇಬ್ಬರೂ ಸೋತಿಲ್ಲ.

ಕಾದಂಬರಿಯಾಗಿದ್ದರೆ ಆ ಮಧ್ಯಾಹ್ನದ ಕಥೆ ‘ಓಗ್ಲಿ ಬುಡಕ್ಕ’ ಎಂಬಲ್ಲಿಗೇ ಮುಗಿಯುತ್ತಿತ್ತು. ಅಕ್ಕ ಕಣ್ಣೊರೆಸಿಕೊಂಡು ಮುದ್ದೆ ಮುರಿದು, ಸಾರಿಗೆ ಅದ್ದಿ ನುಂಗಿ, ಮುಖ ಕಿವುಚಿದಳು. ‘ಸಾರ್ಗೆ ಉಪ್ಪೇ ಆಕಿಲ್ವಲ್ಲೇ!’

ನನಗೆ ಥಟ್ಟನೆ ಸಿಟ್ಟು ಬಂತು. ಅಕ್ಕನ ಮೇಲೆ ಉಪ್ಪಿನಷ್ಟು ಸಣ್ಣ ವಿಷಯಕ್ಕೆ ಸಿಟ್ಟಾಗಿ ಎಷ್ಟು ವರ್ಷವಾಗಿತ್ತೋ! ಹಾಯೆನಿಸಿತು.